ತುಮಕೂರಿನಲ್ಲಿ ಹಳೆಯ ಮನೆ ಕೊಂಡು ದುರಸ್ತಿ ಮಾಡಿಸಿದರೆ ಆಸ್ತಿ ಬೆಳೆಯುತ್ತದೆಯೇ?

ಬೆಳೆಯುತ್ತದೆ, ಆದರೆ ಸುರಿದ ಹಣವೆಲ್ಲ ಬೆಲೆಯಾಗಿ ಮರಳುವುದಿಲ್ಲ. ಮನೆಯ ಮಾರುಕಟ್ಟೆ ಬೆಲೆಯಲ್ಲಿ ಬಾಕಿ ಸಾಲ ಕಳೆದರೆ ಉಳಿಯುವುದಷ್ಟೇ ನಿಮ್ಮ ಪಾಲು. ಮೊದಲ ವರ್ಷಗಳಲ್ಲಿ ಸಾಲ ಕರಗುವುದು ಬಲು ನಿಧಾನ: ಶೇ. 8.5ರ ಬಡ್ಡಿಗೆ 20 ವರ್ಷಗಳ ಅವಧಿಗೆ 20 ಲಕ್ಷ ರೂಪಾಯಿ ಪಡೆದರೆ, ಮೊದಲ ತಿಂಗಳ 17,356 ರೂಪಾಯಿ ಕಂತಿನಲ್ಲಿ 14,167 ಬಡ್ಡಿಗೇ ಹೋಗುತ್ತದೆ. ಹಾಗಾಗಿ ಆರಂಭದಲ್ಲಿ ಪಾಲು ಹೆಚ್ಚಬೇಕಾದರೆ ಮನೆಯ ಬೆಲೆಯೇ ಏರಬೇಕು.

ಕೊಳ್ಳಲು ಬಂದವರು ಮೊದಲು ತಲೆಯೆತ್ತಿ ನೋಡುವುದು ತಾರಸಿಯ ಒಸರಿನ ಕಲೆಯನ್ನು. ಆಮೇಲೆ ಸಂಪು, ವೈರಿಂಗ್, ಬಚ್ಚಲುಮನೆ. ಖರ್ಚು ಮಾಡುವುದಾದರೆ ಇವುಗಳ ಮೇಲೆ ಮಾಡಿ. ಬಣ್ಣದ ದೀಪಗಳ ಫಾಲ್ಸ್ ಸೀಲಿಂಗ್‌ಗೆ ಯಾರೂ ಹೆಚ್ಚು ಕೊಡುವುದಿಲ್ಲ (ನಿಮಗೇ ಇಷ್ಟವಿದ್ದರೆ ಬೇರೆ ಮಾತು). ಇದೆಲ್ಲಕ್ಕೂ ಮುನ್ನ ಪಾಲಿಕೆಯ ಇ-ಖಾತಾ (ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ಡಿಜಿಟಲ್ ದಾಖಲೆ) ನೋಡಿ, ಜೊತೆಗೆ ಋಣಭಾರ ಪ್ರಮಾಣಪತ್ರವನ್ನೂ (ಆಸ್ತಿಯ ಮೇಲೆ ನೋಂದಾಯಿತ ಅಡಮಾನ, ಮಾರಾಟಗಳನ್ನು ತೋರಿಸುವ ಇ.ಸಿ.) ನೋಡಿ. ಕಾಗದ ಸರಿಯಿಲ್ಲದ ಮನೆಗೆ ಮುಂದಿನ ಗಿರಾಕಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ.