ಉಳಿದ ಡ್ರಾಪ್ಸ್ ಬಾಟಲಿಯನ್ನು ಮೊದಲು ಎಸೆಯಿರಿ

ಮಳೆ ಹಿಡಿಯಿತು ಅಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ನಾಯಿಯ ಕಿವಿಯದ್ದೇ. ಸೋಂಕು ಅಂದರೇನು, ಕಿವಿ ಯಾಕೆ ಒಣಗಿರಬೇಕು ಅನ್ನೋದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಆದರೆ ಒಂದು ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷವೂ ಸಿಟ್ಟು ತರಿಸುತ್ತದೆ. ಈ ಸಲ ಅದಕ್ಕೇ ಜಾಗ ಜಾಸ್ತಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ಎರಡು ವರ್ಷದಿಂದ ಕಿವಿ ಕೆಟ್ಟ ವಾಸನೆ, ಕಂದು ಬಣ್ಣದ ಕೊಳೆ. ತಲೆ ಕೊಡವುತ್ತಲೇ ಇರುತ್ತಾನೆ. ಡ್ರಾಪ್ಸ್ ಹಾಕಿದರೆ ವಾಸಿಯಾಗುತ್ತದೆ, ಒಂದೆರಡು ತಿಂಗಳಲ್ಲಿ ಮತ್ತೆ ಶುರು. ಮಳೆಗಾಲದಲ್ಲಂತೂ ಕೇಳಬೇಡಿ. ಕಳೆದ ಸಲದ ಡ್ರಾಪ್ಸ್ ಅರ್ಧ ಬಾಟಲಿ ಉಳಿದಿದೆ. ಅದನ್ನೇ ಹಾಕಬಹುದಾ? ಮನೆಯಲ್ಲೇ ಪೂರ್ತಿ ವಾಸಿ ಮಾಡುವ ದಾರಿ ಇದೆಯಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಹಾಕಬೇಡಿ. ಆ ಬಾಟಲಿಯನ್ನು ಇವತ್ತೇ ಎಸೆದುಬಿಡಿ.

ಯಾಕೆ ಅಂತ ಹೇಳುತ್ತೇನೆ. ನಾಯಿಗೆ ಕೊಡುವ ಕಿವಿ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಸೇರಿರುತ್ತವೆ. ಬ್ಯಾಕ್ಟೀರಿಯಾಕ್ಕೆ ಒಂದು, ಶಿಲೀಂಧ್ರಕ್ಕೆ ಒಂದು, ಊತ ಮತ್ತು ತುರಿಕೆಗೆ ಸ್ಟೀರಾಯ್ಡ್. ಎರಡು ದಿನದಲ್ಲಿ ನಾಯಿ ಕೆರೆಯುವುದು ನಿಲ್ಲಿಸಿತು ಅಂದರೆ ಅದು ಹೆಚ್ಚಾಗಿ ಸ್ಟೀರಾಯ್ಡ್ ಕೆಲಸ. ರೋಗಾಣು ಒಳಗೆ ಹಾಗೇ ಇರುತ್ತದೆ. ನೀವು ವಾಸಿಯಾಯಿತು ಅಂತ ಬಾಟಲಿ ಮುಚ್ಚಿಡುತ್ತೀರಿ. ಉಳಿದ ರೋಗಾಣು ಮತ್ತೆ ಬೆಳೆಯುತ್ತದೆ, ಒಂದೊಂದು ಸಲಕ್ಕೂ ಔಷಧಿಗೆ ಇನ್ನಷ್ಟು ಒಗ್ಗಿಕೊಂಡು. ಅರ್ಧ ಬಾಟಲಿ ಉಳಿದಿದೆ ಅಂದರೆ ಹೇಳಿದಷ್ಟು ದಿನ ಹಾಕಿಲ್ಲ ಅಂತ ತಾನೇ ಅರ್ಥ?

ಇನ್ನೊಂದು ಭಯ ಕಿವಿತಮಟೆಯದ್ದು. ನಾಯಿಯ ಕಿವಿಯ ದಾರಿ ನೇರವಾಗಿಲ್ಲ. ಮೊದಲು ಕೆಳಗೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ತಮಟೆ ಇರುವುದು ಆ ತಿರುವಿನ ಆಚೆ. ಹೊರಗಿನಿಂದ ಬಗ್ಗಿ ನೋಡಿದರೆ ನಿಮಗೂ ಕಾಣುವುದಿಲ್ಲ, ಪೆಟ್ ಶಾಪ್‌ನವರಿಗೂ ಕಾಣುವುದಿಲ್ಲ. ಹಳೆಯ ಸೋಂಕಿನಲ್ಲಿ ತಮಟೆ ತೂತಾಗಿರಬಹುದು. ಆಗ ಜೆಂಟಾಮೈಸಿನ್‌ನಂಥ ಔಷಧಿ ಒಳಕಿವಿಗೆ ಇಳಿದರೆ ನಾಯಿ ಕಿವುಡಾಗಬಹುದು, ತಲೆ ವಾಲಿಸಿಕೊಂಡು ಸುತ್ತು ಹೊಡೆಯಬಹುದು. ನೋಡದೆ ಡ್ರಾಪ್ಸ್ ಹಾಕಿಸುವವರ ಮಾತು ಕೇಳಬೇಡಿ, ಅವರು ಎಷ್ಟೇ ಪರಿಚಯದವರಾಗಿರಲಿ.

ಡಾಕ್ಟರ ಹತ್ತಿರ ಹೋದಾಗ ಒಂದು ಮಾತು ನೀವೇ ಬಾಯಿಬಿಟ್ಟು ಕೇಳಿ: ‘ಕೊಳೆ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡ್ತೀರಾ?’ ಹತ್ತಿಕಡ್ಡಿಯಿಂದ ಸ್ವಲ್ಪ ಕೊಳೆ ತೆಗೆದು, ಗಾಜಿನ ಮೇಲೆ ಉರುಳಿಸಿ, ಬಣ್ಣ ಹಾಕಿ ನೋಡುವುದು ಅಷ್ಟೇ. ಕೆಲವೇ ನಿಮಿಷದ ಕೆಲಸ. ಮಲಸೇಜಿಯಾ ಅನ್ನೋ ಶಿಲೀಂಧ್ರ ಇದ್ದರೆ ನೇರಳೆ ಬಣ್ಣದ ಕಡಲೆಕಾಯಿಗಳ ಹಾಗೆ ರಾಶಿ ಕಾಣುತ್ತದೆ. ಬ್ಯಾಕ್ಟೀರಿಯಾ ಆದರೆ ದುಂಡನೆಯ ಚುಕ್ಕೆಗಳು, ಇಲ್ಲವೇ ಸಣ್ಣ ಕಡ್ಡಿಗಳು. ಕಡ್ಡಿ ಆಕಾರದವು ಜಾಸ್ತಿ ಕಂಡರೆ ಹುಷಾರಾಗಿರಬೇಕು. ಅವು ಸ್ಯೂಡೊಮೊನಾಸ್ ಆಗಿರಬಹುದು, ಎಷ್ಟೋ ಔಷಧಿಗೆ ಅದು ಜಗ್ಗುವುದಿಲ್ಲ. ಆಗ ಕಲ್ಚರ್ ಮಾಡಿಸಿಯೇ, ಅಂದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ಯಾವುದಕ್ಕೆ ಸಾಯುತ್ತದೆ ಅಂತ ನೋಡಿಯೇ, ಔಷಧಿ ಆರಿಸಬೇಕು. ನಿಮಗೆ ಶಿವಮೊಗ್ಗ ಹತ್ತಿರ, ಅಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಚಿಕಿತ್ಸೆ ಮುಗಿಯುವಾಗ ಇದೇ ಪರೀಕ್ಷೆ ಇನ್ನೊಮ್ಮೆ ಆಗಬೇಕು. ವಾಸನೆ ಹೋಯಿತು ಅಂತ ನೀವಾಗಿಯೇ ಔಷಧಿ ನಿಲ್ಲಿಸುವ ಹಾಗಿಲ್ಲ.

ಈಗ ಮುಖ್ಯ ವಿಷಯ. ಮಳೆಗಾಲ ಕಾರಣ ಅಂತ ಎಲ್ಲರೂ ಹೇಳುತ್ತೀರಿ. ತೇವದ ಹವೆ, ಜೋತುಬಿದ್ದ ಕಿವಿ, ಹೊಳೆಯಲ್ಲಿ ಈಜು, ಇವೆಲ್ಲ ಸೋಂಕಿಗೆ ಅನುಕೂಲ ಮಾಡಿಕೊಡುತ್ತವೆ, ನಿಜ. ಆದರೆ ಅದೇ ಮಳೆಯಲ್ಲಿ ನೆನೆಯುವ ಪಕ್ಕದ ಮನೆ ಲ್ಯಾಬ್ರಡಾರ್‌ನ ಕಿವಿ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಮತ್ತೆ ಮತ್ತೆ ಕಿವಿ ಕೆಡುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಇರುವುದು ಚರ್ಮದ ಅಲರ್ಜಿ. ಕಿವಿಯ ಒಳಗಿರುವುದೂ ಚರ್ಮವೇ. ಅಲರ್ಜಿಗೆ ಅದು ಕೆಂಪಾಗಿ ಊದಿಕೊಳ್ಳುತ್ತದೆ, ಜಿಡ್ಡು ಬಿಡುತ್ತದೆ, ಮೊದಲೇ ಅಲ್ಲಿದ್ದ ರೋಗಾಣು ಬೆಳೆಯುತ್ತದೆ. ನೀವು ರೋಗಾಣುವನ್ನು ಮಾತ್ರ ಕೊಲ್ಲುತ್ತಿದ್ದೀರಿ.

ನಾಯಿಯ ಪಾದ ನೋಡಿ. ಬೆರಳುಗಳ ಸಂದಿಯಲ್ಲಿ ಕೂದಲು ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿದ್ದರೆ ಅದು ನೆಕ್ಕಿ ನೆಕ್ಕಿ ಜೊಲ್ಲಿನಿಂದ ಆದದ್ದು. ಕಂಕುಳು, ಹೊಟ್ಟೆ ಕೆಂಪಾಗಿದೆಯಾ? ಮುಖವನ್ನು ಚಾಪೆಗೆ ಉಜ್ಜುತ್ತದಾ? ಇವನ್ನೆಲ್ಲ ಡಾಕ್ಟರಿಗೆ ಹೇಳಿ. ಕೆಲವು ನಾಯಿಗಳಲ್ಲಿ ಕಿವಿ ಬಿಟ್ಟು ಬೇರೆಲ್ಲೂ ಏನೂ ಕಾಣುವುದಿಲ್ಲ, ಅದೂ ಉಂಟು.

ಊಟದ ಅಲರ್ಜಿ ಇದೆಯಾ ಅಂತ ತಿಳಿಯಲು ಗಟ್ಟಿ ದಾರಿ ಒಂದೇ. ಕನಿಷ್ಠ 8 ವಾರ, ನಾಯಿ ಇಲ್ಲಿಯವರೆಗೆ ತಿನ್ನದ ಒಂದು ಮಾಂಸ ಅಥವಾ ಮೀನು, ಜೊತೆಗೆ ಒಂದೇ ಥರದ ಗೆಡ್ಡೆ. ಬೇರೇನೂ ಇಲ್ಲ. ಯಾವುದು, ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ನಮ್ಮ ಮನೆಗಳಲ್ಲಿ ಇದು ಕೆಡುವುದು ಎಲ್ಲಿ ಅಂತ ನನಗೆ ಗೊತ್ತು. ಅಜ್ಜಿ ಮೊಸರನ್ನದ ಕೊನೆ ತುತ್ತು ಹಾಕುತ್ತಾರೆ. ಮಕ್ಕಳು ಟೀ ಹೊತ್ತಿಗೆ ಬಿಸ್ಕತ್ತು ಕೊಡುತ್ತಾರೆ. ಅಪ್ಪ ಮಾತ್ರೆಗೆ ಬೆಣ್ಣೆ ಸುತ್ತುತ್ತಾರೆ. ಹಾಲು, ಕೋಳಿ, ದನದ ಮಾಂಸ, ಇವೇ ಅಲರ್ಜಿ ಹೆಚ್ಚಾಗಿ ಕಾಣುವ ಆಹಾರಗಳು. ಒಂದು ತುತ್ತು ಸಾಕು, ಪರೀಕ್ಷೆ ಹಾಳು. ಮನೆಯವರೆಲ್ಲ ಒಪ್ಪಿದ ಮೇಲೆಯೇ ಶುರು ಮಾಡಿ. ಸುಧಾರಿಸಿದರೆ ಹಳೆಯ ಊಟ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಊಟವೇ ಕಾರಣ. ಕೂದಲು, ಜೊಲ್ಲು ಕಳಿಸಿ ಊಟದ ಅಲರ್ಜಿ ಹೇಳುತ್ತೇವೆ ಅನ್ನುವ ಕಿಟ್‌ಗಳಿಗೆ ದುಡ್ಡು ಸುರಿಯಬೇಡಿ. ಅವುಗಳ ಫಲಿತಾಂಶ ನಂಬುವಂಥದ್ದಲ್ಲ.

ಊಟ ಕಾರಣವಲ್ಲ ಅಂತಾದರೆ ಉಳಿಯುವುದು ಧೂಳಿನ ಹುಳ, ಪರಾಗ, ಬೂಷ್ಟು ಮುಂತಾದವುಗಳ ಅಲರ್ಜಿ. ಅದನ್ನು ಬೇರುಸಹಿತ ತೆಗೆಯಲು ಆಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಸೋಂಕು ಪೂರ್ತಿ ಹೋದಮೇಲೆ ವಾರಕ್ಕೆ ಎರಡು ದಿನ ಸ್ಟೀರಾಯ್ಡ್ ಮಾತ್ರ ಇರುವ ಡ್ರಾಪ್ಸ್ ಹಾಕಲು ಕೆಲವರಿಗೆ ಹೇಳುತ್ತೇವೆ. ಅದು ಡಾಕ್ಟರ್ ಕಿವಿ ನೋಡಿ ನಿರ್ಧರಿಸುವ ವಿಷಯ.

ಮನೆಯಲ್ಲಿ ನೀವು ಮಾಡಬೇಕಾದ್ದು ಕಿವಿ ತೊಳೆಯುವುದು. ನಾಯಿಗೆಂದೇ ಬರುವ ಇಯರ್ ಕ್ಲೀನರ್ ತನ್ನಿ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಕಿವಿಯನ್ನು ಮೇಲಕ್ಕೆ ಎತ್ತಿ ಹಿಡಿದು ದಾರಿ ತುಂಬುವಷ್ಟು ಹಾಕಿ. ಬಾಟಲಿಯ ಮೂತಿ ಕಿವಿಗೆ ತಾಗಬಾರದು. ಆಮೇಲೆ ಕಿವಿಯ ಬುಡವನ್ನು ಹೊರಗಿನಿಂದ ಅರ್ಧ ನಿಮಿಷ ನಿಧಾನಕ್ಕೆ ತಿಕ್ಕಿ. ಒಳಗೆ ಪಿಚಪಿಚ ಸದ್ದು ಕೇಳಬೇಕು, ಆಗ ಕ್ಲೀನರ್ ತಿರುವಿನ ತನಕ ಇಳಿದಿದೆ ಅಂತ. ನಾಯಿ ತಲೆ ಕೊಡವಲಿ ಬಿಡಿ, ಕೊಳೆ ಮೇಲಕ್ಕೆ ಬರುವುದೇ ಹಾಗೆ. ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ಮಾತ್ರ ಒರೆಸಿ. ಇಯರ್ ಬಡ್ ಬೇಡವೇ ಬೇಡ, ಅದು ಕೊಳೆಯನ್ನು ಒಳಕ್ಕೆ ಗಿಡಿಯುತ್ತದೆ. ನಿಮ್ಮ ನಾಯಿಗೆ, ಸೋಂಕು ಹೋದಮೇಲೆ, ವಾರಕ್ಕೊಮ್ಮೆ ಸಾಕು, ಈಜಿದ ದಿನ ಒಮ್ಮೆ. ದಿನಾ ತೊಳೆದರೆ ಚರ್ಮ ಮೆತ್ತಗಾಗಿ ಇನ್ನೂ ಕೆಡುತ್ತದೆ. ಮುಟ್ಟಿದರೆ ಕಿರುಚುತ್ತದೆ, ತಲೆ ಒಂದು ಕಡೆಗೆ ವಾಲಿದೆ ಅಂದರೆ ಏನನ್ನೂ ಹಾಕದೆ ಆಸ್ಪತ್ರೆಗೆ ಹೋಗಿ.

ಎರಡು ವರ್ಷ ಆಗಿದೆ ಅಂದಿರಿ. ಇನ್ನೂ ಕಾಲ ಕಳೆಯಬೇಡಿ. ಊತ ಹಾಗೇ ಉಳಿದರೆ ಕಿವಿಯ ದಾರಿ ದಪ್ಪವಾಗಿ, ಕೊನೆಗೆ ಎಲುಬಿನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಯಾವ ಡ್ರಾಪ್ಸೂ ಒಳಗೆ ಹೋಗುವುದಿಲ್ಲ, ಇಡೀ ದಾರಿಯನ್ನೇ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ.

ಪ್ರಶ್ನೆ: ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟರೆ ಒಳ್ಳೆಯದಂತೆ, ಹೌದಾ?
ಅಲ್ಲ. ಜಿಡ್ಡು ತುಂಬಿದ ಕಿವಿಗೆ ಇನ್ನಷ್ಟು ಜಿಡ್ಡು. ಬೇವಿನೆಣ್ಣೆ, ಅರಿಶಿನ, ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್, ಎಲ್ಲಕ್ಕೂ ಇದೇ ಉತ್ತರ: ಬೇಡ.

ಪ್ರಶ್ನೆ: ಗ್ರೂಮಿಂಗ್‌ನಲ್ಲಿ ನಮ್ಮ ಶಿಟ್ಜುವಿನ ಕಿವಿ ಕೂದಲು ಪ್ರತಿ ತಿಂಗಳು ಕೀಳುತ್ತಾರೆ. ಸರಿಯಾ?
ಕಿವಿ ಚೆನ್ನಾಗಿದ್ದರೆ ಕೀಳಿಸಬೇಡಿ. ಸುಮ್ನೆ ಗಾಯ ಮಾಡಿಸಿಕೊಂಡ ಹಾಗೆ.

ಪ್ರಶ್ನೆ: ಬೀದಿಯಿಂದ ತಂದ ಮರಿಗೆ ಎರಡೂ ಕಿವಿಯಲ್ಲಿ ಕಪ್ಪು ಪುಡಿಪುಡಿ ಕೊಳೆ.
ಕಿವಿ ನುಸಿ, ಅಂದರೆ ಕಿವಿಯೊಳಗೆ ಬದುಕುವ ತೀರಾ ಸಣ್ಣ ಹುಳ, ಇರಬಹುದು. ಪರೀಕ್ಷೆ ಮಾಡಿಸಿ. ಹೌದು ಅಂತಾದರೆ ಮನೆಯ ನಾಯಿ, ಬೆಕ್ಕು ಎಲ್ಲಕ್ಕೂ ಒಟ್ಟಿಗೆ ಔಷಧಿ ಆಗಬೇಕು.

ಪ್ರಶ್ನೆ: ಕಿವಿ ಊದಿ ನೀರು ತುಂಬಿಕೊಂಡಿದೆ. ಸೂಜಿಯಲ್ಲಿ ಚುಚ್ಚಿ ತೆಗೆಯಬಹುದಾ?
ಅದು ನೀರಲ್ಲ, ರಕ್ತ. ತಲೆ ಕೊಡವಿ ಕೊಡವಿ ಕಿವಿಯೊಳಗಿನ ರಕ್ತನಾಳ ಒಡೆದಿದೆ. ಚುಚ್ಚಬೇಡಿ, ಕರೆತನ್ನಿ.

ಪ್ರಶ್ನೆ: ಕಿವಿಯಲ್ಲಿ ಹುಳ ಬಿದ್ದಿದೆ. ಪೆಟ್ರೋಲ್ ಹಾಕಿದರೆ ಸಾಯುತ್ತವೆ ಅಂತ ಊರಿನವರೊಬ್ಬರು ಹೇಳಿದರು.
ದಯವಿಟ್ಟು ಹಾಕಬೇಡಿ. ಪೆಟ್ರೋಲ್, ಸೀಮೆಎಣ್ಣೆ, ಫಿನಾಯಿಲ್ ಹಸಿ ಗಾಯವನ್ನು ಸುಡುತ್ತವೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ಹುಳ ಗಂಟೆಗಂಟೆಗೂ ಮಾಂಸ ತಿಂದು ಒಳಕ್ಕೆ ಇಳಿಯುತ್ತದೆ. ಅರಿವಳಿಕೆ ಕೊಟ್ಟು ಒಂದೊಂದಾಗಿ ತೆಗೆಯಬೇಕಾಗಬಹುದು. ಇದು ಬರೆದು ಕಳಿಸಿ ಉತ್ತರಕ್ಕೆ ಕಾಯುವ ಪ್ರಶ್ನೆಯಲ್ಲ. ಹುಳ ಕಂಡ ದಿನವೇ, ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.