ಟಾರ್ಚ್ ಬಿಟ್ಟರೆ ಮೀನಿನ ವಿಷ ಕಾಣುತ್ತಾ?

ಪ್ರಶ್ನೆ: ಮೇಡಂ, ಆನ್‌ಲೈನಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತರಿಸಿದೆ. ಮಲ್ಪೆಯಿಂದ ತಂದ ಬಂಗುಡೆ ಮೇಲೆ ಬಿಟ್ಟರೆ ನೀಲಿಯಾಗಿ ಹೊಳೆಯಿತು. ಲ್ಯಾಬಿನಲ್ಲೂ ಬೆಳಕು ಬಿಟ್ಟೇ ಕೀಟನಾಶಕ ಪತ್ತೆ ಮಾಡ್ತಾರಂತೆ. ಈ ಮೀನು ಬಿಸಾಡಬೇಕಾ?

ಉತ್ತರ: ಮೀನಲ್ಲ, ಆ ಟಾರ್ಚ್ ಬಿಸಾಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಚರ್ಮ, ಮೂಳೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಯುವಿ ಬೆಳಕಿಗೆ ತಾನಾಗಿಯೇ ನೀಲಿಯಾಗಿ ಹೊಳೆಯುತ್ತದೆ. ಎಂಡೋಸಲ್ಫಾನ್, ಮಲಾಥಿಯಾನ್‌ನಂಥ ಕೀಟನಾಶಕ ಎಷ್ಟು ಟಾರ್ಚ್ ಬಿಟ್ಟರೂ ಹೊಳೆಯಲ್ಲ. ಅಂದರೆ ಒಳ್ಳೆ ಮೀನು ಹೊಳೆಯುತ್ತದೆ, ವಿಷ ಸುಮ್ನೆ ಕೂತಿರುತ್ತದೆ.

ಕಾರ್ಬಾರಿಲ್ ಎಂಬ ಕೀಟನಾಶಕ ಹೊಳೆಯುತ್ತದೆ, ನಿಜ. 280 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದ) ಬೆಳಕು ಕೊಟ್ಟರೆ ಸುಮಾರು 340ರಲ್ಲಿ ಬೆಳಕು ಬಿಡುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವ ಬೆಳಕೇ ಅಲ್ಲ. ಸಾಲದ್ದಕ್ಕೆ ಮೀನಿನ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಕೂಡ ಅಲ್ಲೇ ಹೊಳೆಯುತ್ತದೆ. ತೇರಿನ ಗದ್ದಲದಲ್ಲಿ ಪಿಸುಮಾತು ಹುಡುಕಿದ ಹಾಗೆ! ಅದಕ್ಕೇ ಲ್ಯಾಬಿನಲ್ಲಿ ನಾವು ಮೊದಲು ಮಾಂಸ ಅರೆದು, ಅಸಿಟೊನೈಟ್ರೈಲ್ ಎಂಬ ದ್ರಾವಕ ಹಾಕಿ ಕುಲುಕಿ, ಪ್ರೋಟೀನು, ಕೊಬ್ಬು ಬೇರೆ ಮಾಡುತ್ತೇವೆ. ಆಮೇಲೆ ಕ್ಷಾರ ಹಾಕಿದರೆ ಕಾರ್ಬಾರಿಲ್ ಒಡೆದು ನ್ಯಾಫ್ಥಾಲ್ ಎಂಬ ಬೇರೆ ವಸ್ತು ಆಗುತ್ತದೆ. ಅದರ ಹೊಳಪು 460ರ ಆಸುಪಾಸಿಗೆ ಸರಿಯುತ್ತದೆ. ಅಲ್ಲಿ ಗದ್ದಲ ಕಡಿಮೆ, ಓದಲು ಬರುತ್ತದೆ. ಇಷ್ಟಾದರೂ ಅದು ಬರೀ ಅನುಮಾನ. ಅಣುಗಳ ತೂಕ ನೋಡಿ ವಸ್ತು ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಖಚಿತವಾಗದೆ ನಾನು ರಿಪೋರ್ಟಿಗೆ ಸಹಿ ಹಾಕಲ್ಲ.

ವಿಷ ಪತ್ತೆ ಮಾಡುತ್ತೆ ಅಂತ ಈ ಟಾರ್ಚ್ ಮಾರುವವರದ್ದು ಶುದ್ಧ ಮೋಸ. ಅದನ್ನು ಹಿಡಿದು ವಿಡಿಯೊ ಮಾಡಿ ಹರಿಬಿಡುವವರು ಇನ್ನೂ ಕೆಟ್ಟದ್ದು ಮಾಡುತ್ತಿದ್ದಾರೆ. ಬೆಳಗಿನ ಜಾವ ದಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ಏಲಂನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಬರುವ ಹೆಂಗಸರ ಹೊಟ್ಟೆ ಮೇಲೆ ಹೊಡೆಯುವ ಕೆಲಸ ಅದು. ದಯವಿಟ್ಟು ಅಂಥದ್ದನ್ನು ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಅರಶಿನ ನೀರಲ್ಲಿ ನೆನೆಸಿದರೆ ಕೀಟನಾಶಕ ಹೋಗುತ್ತಾ?

ಉತ್ತರ: ಇಲ್ಲ. ಕೊಬ್ಬಿಗೆ ಅಂಟಿದ್ದು ಅರಶಿನಕ್ಕೆ ಬಿಡಲ್ಲ.

ಪ್ರಶ್ನೆ: ಫಾರ್ಮಾಲಿನ್ ಕಿಟ್‌ನಲ್ಲಿ ಪಾಸಾಯ್ತು. ಇನ್ನು ಭಯ ಇಲ್ಲ ಅಲ್ವಾ?

ಉತ್ತರ: ಆ ಕಿಟ್ ಮೀನು ಕೆಡದಂತೆ ಹಾಕುವ ಫಾರ್ಮಾಲಿನ್ ಒಂದನ್ನೇ ನೋಡುತ್ತದೆ, ಕೀಟನಾಶಕವನ್ನಲ್ಲ.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಉತ್ತರ: ಡಿಡಿಟಿಯಂಥ ಹಳೇ ವಿಷಗಳು ಕೊಬ್ಬಿನಲ್ಲಿ ಸೇರುತ್ತವೆ. ಕರುಳು, ಹೊಟ್ಟೆ ಭಾಗದ ಕೊಬ್ಬು, ದೊಡ್ಡ ಮೀನಾದರೆ ಚರ್ಮವನ್ನೂ ತೆಗೆಯಿರಿ. ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಮತ್ತೆ ಮರುವಾಯಿ (ಚಿಪ್ಪಿನೊಳಗಿನ ಜೀವಿ). ಅದು ಹೊಳೆಯ ನೀರನ್ನೇ ಸೋಸಿ ಬದುಕುವ ಜೀವ. ಮೊದಲ ಮಳೆಗೆ ತೋಟ, ಗದ್ದೆಯ ನೀರೆಲ್ಲ ಹೊಳೆಗೆ ಇಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಮನೆಗೆ ಮರುವಾಯಿ ತರಲ್ಲ. ಇದು ನಿಯಮ ಅಲ್ಲ, ನನ್ನ ಎಚ್ಚರಿಕೆ ಅಷ್ಟೇ.