ಬದನೆಕಾಯಿ ಎಣ್ಣೆಗಾಯಿ ಒಡೆಯದೆ, ತೊಟ್ಟಿನವರೆಗೂ ಬೇಯಬೇಕಾದರೆ ಏನು ಮಾಡಬೇಕು?

ಬಳ್ಳಾರಿಯ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿಯ ಜೊತೆ ತಿಂದ ಎಣ್ಣೆಗಾಯಿಯನ್ನು ಮೈಸೂರಿನ ನಿಮ್ಮ ಮನೆಯಲ್ಲಿ ಮಾಡಲು ಹೋದಾಗಲೆಲ್ಲ ಎರಡು ತೊಂದರೆ ಎದುರಾಗುತ್ತಿವೆ ಎಂದು ಬರೆದಿದ್ದೀರಿ. ಒಂದೋ ಕಾಯಿ ಒಡೆದು ತುಂಬಿದ ಮಸಾಲೆಯೆಲ್ಲ ರಸದಲ್ಲಿ ಕರಗಿಹೋಗುತ್ತದೆ, ಇಲ್ಲವೇ ಕಾಯಿ ಇಡಿಯಾಗಿ ಉಳಿದರೂ ತೊಟ್ಟಿನ ಬಳಿ ಹಸಿಹಸಿಯಾಗಿರುತ್ತದೆ. ನೀವು ಅನುಸರಿಸುತ್ತಿರುವ ಕ್ರಮವನ್ನೂ ಓದಿದೆ. ತುಂಬಿದ ಕಾಯಿಗಳನ್ನು ಒಗ್ಗರಣೆಗೆ ಹಾಕಿದ ಕೂಡಲೇ ಹುಣಸೆರಸವನ್ನೂ ಎರಡು ಲೋಟ ನೀರನ್ನೂ ಸುರಿದು ಕುದಿಸುತ್ತಿದ್ದೀರಿ. ನಿಮ್ಮ ಎರಡೂ ತೊಂದರೆಗಳ ಮೂಲ ಅಲ್ಲಿಯೇ ಇದೆ. ಎಣ್ಣೆಗಾಯಿ ನೀರಿನಲ್ಲಿ ಕುದಿಸುವ ಪದಾರ್ಥವಲ್ಲ. ಅದು ಎಣ್ಣೆಯ ಮೇಲೆ, ಸಣ್ಣ ಉರಿಯಲ್ಲಿ, ಮುಚ್ಚಳದ ಕೆಳಗೆ ತನ್ನದೇ ತೇವದಲ್ಲಿ ಬೇಯಬೇಕಾದದ್ದು. ನೀರಿಗೂ ಹುಳಿಗೂ ಜಾಗವಿದೆ, ಆದರೆ ಅವು ಕಾಯಿ ಬೆಂದ ನಂತರ ಬರಬೇಕು.

ನಾನು ಕೊಪ್ಪಳದಲ್ಲಿ ಇರುವವಳು, ತವರುಮನೆ ರಾಯಚೂರು ಜಿಲ್ಲೆಯ ಸಿಂಧನೂರು. ಎರಡೂ ಮನೆಗಳಲ್ಲಿ ಈ ಅಡುಗೆ ವಾರಕ್ಕೊಮ್ಮೆಯಾದರೂ ಆಗುತ್ತದೆ, ಆದ್ದರಿಂದ ಅಳತೆಯ ಜೊತೆಗೆ ಕಾರಣಗಳನ್ನೂ ಹೇಳುತ್ತೇನೆ. ಕಾರಣ ತಿಳಿದರೆ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಡುಗೆ ಕೆಡುವುದಿಲ್ಲ. ಕೆಳಗೆ ಹೇಳಿರುವುದು ನಾಲ್ಕೈದು ಜನರಿಗೆ ಸಾಕಾಗುವ ಪ್ರಮಾಣ.

ಮೊದಲು ಕಾಯಿಯ ವಿಚಾರ. ಅರ್ಧ ಕಿಲೋ ತೂಗಿದರೆ 10 ರಿಂದ 12 ಕಾಯಿ ಬರುವಷ್ಟು ಸಣ್ಣವನ್ನು, ಹೆಚ್ಚುಕಡಿಮೆ ಒಂದೇ ಗಾತ್ರದವನ್ನು ಆರಿಸಿಕೊಳ್ಳಿ. ನಮ್ಮ ಕಡೆಯ ಸಂತೆಗಳಿಗೆ ತೊಟ್ಟಿನ ಮೇಲೆ ಮುಳ್ಳಿರುವ, ಹಸಿರು ಮೈಯ ಮೇಲೆ ಬಿಳಿ ಗೆರೆಗಳಿರುವ ಕಾಯಿ ಬರುತ್ತದೆ. ಅದು ಸಿಗದಿದ್ದರೆ ನೇರಳೆ ಬಣ್ಣದ ಸಣ್ಣ ಗುಂಡುಗಾಯಿಯೂ ಆಗುತ್ತದೆ. ಉಡುಪಿಯ ಮಟ್ಟುಗುಳ್ಳ ಬಹಳ ರುಚಿಯಾದ ಕಾಯಿ, ಆದರೆ ಇಡಿಯಾಗಿ ತುಂಬಿ ಬೇಯಿಸಲು ಅದರ ಗಾತ್ರ ಒಗ್ಗುವುದಿಲ್ಲ. ಮೈ ಬಿಗಿಯಾಗಿ ಹೊಳೆಯುತ್ತಿರಬೇಕು, ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಂಡಿ ಉಳಿಯಬಾರದು, ತೊಟ್ಟು ಹಸಿರಾಗಿರಬೇಕು. ಮೈ ಮಂಕಾಗಿ ಹಳದಿಗೆ ತಿರುಗಿರುವ ಕಾಯಿ ಬಲಿತದ್ದು; ಅದರ ಬೀಜ ಎಷ್ಟು ಬೇಯಿಸಿದರೂ ಬಾಯಿಗೆ ಸಿಗುತ್ತದೆ, ಜೊತೆಗೆ ಒಂದಿಷ್ಟು ಕಹಿಯೂ ಇರುತ್ತದೆ. ಮೈಮೇಲೆ ಸಣ್ಣ ತೂತಿರುವ ಕಾಯಿಯನ್ನು ಮುಟ್ಟಬೇಡಿ. ತೂತು ಕಾಣದಿದ್ದರೂ ಹುಳು ತೊಟ್ಟಿನ ಟೋಪಿಯ ಅಡಿಯಿಂದ ಒಳಸೇರಿರಬಹುದು, ಆದ್ದರಿಂದ ಸೀಳಿದ ಮೇಲೆ ಪ್ರತಿ ಕಾಯಿಯನ್ನೂ ಬೆಳಕಿಗೆ ಹಿಡಿದು ಒಳಗೆ ನೋಡಲೇಬೇಕು.

ಸೀಳುವುದರಲ್ಲಿ ಅರ್ಧ ಕೆಲಸವಿದೆ. ತೊಟ್ಟನ್ನು ಕತ್ತರಿಸಿ ಎಸೆಯಬೇಡಿ, ಕಾಯಿಯ ನಾಲ್ಕು ಭಾಗಗಳನ್ನು ಹಿಡಿದಿಡುವುದು ಅದೇ. ಉದ್ದವಾಗಿದ್ದರೆ ತುದಿಯನ್ನಷ್ಟೇ ಕತ್ತರಿಸಿ, ಟೋಪಿಯ ಅಂಚಿನಲ್ಲಿರುವ ಮುಳ್ಳನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಆಮೇಲೆ ಕಾಯಿಯನ್ನು ತಲೆಕೆಳಗಾಗಿ ಹಿಡಿದು, ತಳದಿಂದ ತೊಟ್ಟಿನ ಕಡೆಗೆ ಅಡ್ಡ ಒಂದು, ಉದ್ದ ಒಂದು ಸೀಳು ಹಾಕಿ. ಸೀಳು ಟೋಪಿಯ ಅಂಚಿನ ಹತ್ತಿರದವರೆಗೆ, ಅಂದರೆ ತೊಟ್ಟಿನ ಬುಡಕ್ಕೆ ಒಂದು ಸೆಂಟಿಮೀಟರ್ ಮಾತ್ರ ಉಳಿಯುವಷ್ಟು, ಒಳಗೆ ಹೋಗಬೇಕು. ಹೆಚ್ಚಿನವರು ಕಾಯಿ ಬಿಡಿಯಾದೀತು ಎಂಬ ಅಂಜಿಕೆಯಿಂದ ಅರ್ಧದಲ್ಲೇ ಚಾಕು ನಿಲ್ಲಿಸುತ್ತಾರೆ. ಆಗ ಮೇಲಿನ ಅರ್ಧಕ್ಕೆ ಎಣ್ಣೆಯೂ ತಲುಪುವುದಿಲ್ಲ, ಆವಿಯೂ ತಲುಪುವುದಿಲ್ಲ. ನೀವು ಹೇಳಿದ ಹಸಿ ಭಾಗ ಅದೇ. ಸೀಳಿದ ಕಾಯಿಗಳನ್ನು ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಅದರಲ್ಲಿ ಮುಳುಗಿಸಿಡಿ. ಕತ್ತರಿಸಿದ ಭಾಗಕ್ಕೆ ಗಾಳಿ ತಗುಲಿ ಕಪ್ಪಾಗುವುದನ್ನು ಇದು ತಡೆಯುತ್ತದೆ. ಕಾಲು ಗಂಟೆಯ ನಂತರ ತೆಗೆದು, ಸೀಳು ಕೆಳಮುಖವಾಗುವಂತೆ ಜರಡಿಯ ಮೇಲೆ ನಿಲ್ಲಿಸಿ ನೀರು ಬಸಿಯಲು ಬಿಡಿ. ತುಂಬುವ ಮೊದಲು ಒಳಭಾಗವನ್ನು ಬಟ್ಟೆಯಿಂದ ಒತ್ತಿಕೊಳ್ಳಿ. ಒಳಗೆ ನೀರು ಉಳಿದರೆ ಮಸಾಲೆ ಕಾಯಿಗೆ ಅಂಟದೆ ಜಾರಿ ಹೊರಬೀಳುತ್ತದೆ.

ಇನ್ನು ಮಸಾಲೆ. ಅರ್ಧ ಬಟ್ಟಲು ಶೇಂಗಾ, ಎರಡು ದೊಡ್ಡ ಚಮಚ ಗುರೆಳ್ಳು, ಒಂದು ದೊಡ್ಡ ಚಮಚ ಬಿಳಿ ಎಳ್ಳು, ಮೂರು ದೊಡ್ಡ ಚಮಚ ಒಣಕೊಬ್ಬರಿ ತುರಿ ಬೇಕು. ಗುರೆಳ್ಳು ನಿಮ್ಮ ಊರಿನ ಅಂಗಡಿಗಳಲ್ಲಿ ಹುಚ್ಚೆಳ್ಳು ಎಂದು ಕೇಳಿದರೆ ಸಿಗುತ್ತದೆ, ದಯವಿಟ್ಟು ಅದನ್ನು ಬಿಡಬೇಡಿ. ನೀವು ಬಳ್ಳಾರಿಯಲ್ಲಿ ತಿಂದದ್ದರ ಕಪ್ಪು ಬಣ್ಣವೂ ಕೊನೆಯಲ್ಲಿ ನಾಲಿಗೆಗೆ ಹತ್ತುವ ಘಮವೂ ಬಹುಮಟ್ಟಿಗೆ ಅದರದೇ. ನಾಲ್ಕನ್ನೂ ಬೇರೆಬೇರೆಯಾಗಿಯೇ ಹುರಿಯಬೇಕು, ಏಕೆಂದರೆ ಪ್ರತಿಯೊಂದೂ ಹದಕ್ಕೆ ಬರುವ ಸಮಯ ಬೇರೆ. ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಬಿಡುವವರೆಗೆ ಹುರಿದು, ಆರಿದ ಮೇಲೆ ತಿಕ್ಕಿ ಸಿಪ್ಪೆ ಹಾರಿಸಿ. ಗುರೆಳ್ಳಿನ ಹದವನ್ನು ಬಣ್ಣದಿಂದ ತಿಳಿಯಲಾಗದು, ಅದು ಮೊದಲೇ ಕಪ್ಪು. ಕಿವಿಗೊಟ್ಟು ಕೇಳಬೇಕು: ಬಾಣಲೆಯಲ್ಲಿ ಚಟಪಟ ಸದ್ದು ಶುರುವಾಗಿ ಜೋರಾಗುತ್ತದೆ, ಆ ಸದ್ದು ಇಳಿಯಲು ತೊಡಗಿದ ಕ್ಷಣಕ್ಕೆ ತಟ್ಟೆಗೆ ಸುರಿದುಬಿಡಬೇಕು. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಸೀದು ಕಹಿಯಾಗುತ್ತದೆ, ಆ ಕಹಿಯನ್ನು ಯಾವ ಬೆಲ್ಲವೂ ಮುಚ್ಚಲಾರದು. ಎಳ್ಳು ಉಬ್ಬಿದರೆ ಸಾಕು, ಕೊಬ್ಬರಿ ಬೆಚ್ಚಗಾದರೆ ಸಾಕು.

ಎಲ್ಲವೂ ಪೂರ್ತಿ ಆರಿದ ಮೇಲೆ ತರಿತರಿಯಾಗಿ ಕುಟ್ಟಿಕೊಳ್ಳಿ. ಮಿಕ್ಸಿಯಾದರೆ ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದಕ್ಕೆ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿದ ಎರಡು ಉಳ್ಳಾಗಡ್ಡಿ, ಜಜ್ಜಿದ ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಕಾಲು ಚಮಚ ಅರಿಸಿನ, ಒಂದೂವರೆ ಚಮಚ ಉಪ್ಪು ಮತ್ತು ಎರಡು ಚಮಚ ಮಸಾಲೆ ಖಾರ ಸೇರಿಸಿ. ನಮ್ಮಲ್ಲಿ ಮಸಾಲೆ ಖಾರವನ್ನು ಬೇಸಿಗೆಯಲ್ಲೇ ಕುಟ್ಟಿಸಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತೇವೆ. ನಿಮಗೆ ಅದು ಸಿಗದಿದ್ದರೆ ಒಂದೂವರೆ ಚಮಚ ಬ್ಯಾಡಗಿ ಮೆಣಸಿನಪುಡಿ, ಒಂದು ಚಮಚ ಕೊತ್ತಂಬರಿ ಬೀಜದ ಪುಡಿ, ಅರ್ಧ ಚಮಚ ಜೀರಿಗೆ ಪುಡಿ, ಚಿಟಿಕೆಯಷ್ಟು ಲವಂಗ ಮತ್ತು ಚಕ್ಕೆಯ ಪುಡಿ ಕೂಡಿಸಿದರೆ ಅದರ ಹತ್ತಿರಕ್ಕೆ ಬರುತ್ತದೆ. ಮಸಾಲೆಗೆ ನೀರು ಹಾಕಬೇಡಿ. ಒಂದು ದೊಡ್ಡ ಚಮಚ ಎಣ್ಣೆ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು, ಬೆರಳಿನಿಂದ ಮುಟ್ಟಿದರೆ ಉದುರುವಷ್ಟು ಇರಲಿ. ತುಂಬುವಾಗ ತೊಟ್ಟಿನ ಬುಡದವರೆಗೆ ಹೆಬ್ಬೆರಳಿನಿಂದ ಒತ್ತಿ, ಆದರೆ ಸೀಳಿನ ಅಂಚುಗಳು ಮತ್ತೆ ಹತ್ತಿರ ಬರುವಂತಿರಬೇಕು. ಶೇಂಗಾ ಮತ್ತು ಕೊಬ್ಬರಿ ಬೇಯುವಾಗ ತೇವ ಹೀರಿ ಉಬ್ಬುತ್ತವೆ. ಬಿಗಿಯಾಗಿ ಗಿಡಿದರೆ ಆ ಉಬ್ಬಿಗೇ ಕಾಯಿ ಬಿರಿಯುತ್ತದೆ. ಮೂರನೆಯ ಒಂದು ಭಾಗದಷ್ಟು ಮಸಾಲೆ ಉಳಿಯುತ್ತದೆ, ಅದನ್ನು ರಸಕ್ಕಾಗಿ ಎತ್ತಿಡಿ.

ಬೇಯಿಸಲು ದಪ್ಪ ತಳದ, ಅಗಲವಾದ ಪಾತ್ರೆ ಬೇಕು. ಎಲ್ಲ ಕಾಯಿಗಳೂ ಒಂದೇ ಪದರದಲ್ಲಿ ಮಲಗಬೇಕು. ಐದಾರು ದೊಡ್ಡ ಚಮಚ ಶೇಂಗಾ ಎಣ್ಣೆ ಅಥವಾ ಕುಸುಬೆ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು ಸಿಡಿದ ಮೇಲೆ ಉರಿ ತಗ್ಗಿಸಿ ಕಾಯಿಗಳನ್ನು ಒಂದೊಂದಾಗಿ ಮಲಗಿಸಿ. ಮೇಲೆ ಅಂಚಿರುವ ತಟ್ಟೆಯನ್ನು ಮುಚ್ಚಿ, ಆ ತಟ್ಟೆಯಲ್ಲಿ ಒಂದು ಲೋಟ ನೀರು ನಿಲ್ಲಿಸಿ. ಕಾಯಿಯಿಂದ ಎದ್ದ ಆವಿ ತಣ್ಣನೆಯ ತಟ್ಟೆಗೆ ತಗುಲಿ ಹನಿಯಾಗಿ ಮತ್ತೆ ಕಾಯಿಯ ಮೇಲೆಯೇ ಬೀಳುತ್ತದೆ. ಬೇಯಲು ಬೇಕಾದ ತೇವ ಅಷ್ಟೇ. ತಟ್ಟೆಯ ಮೇಲಿನ ನೀರು ಅಷ್ಟರಲ್ಲಿ ಬಿಸಿಯಾಗಿರುತ್ತದೆ, ಅದೇ ಆಮೇಲೆ ರಸಕ್ಕೆ ಆಗುತ್ತದೆ.

ಇಲ್ಲಿ ಒಂದು ಹಂತದಲ್ಲಿ ನಿಮಗೆ ಆತಂಕವಾಗುತ್ತದೆ, ಅದನ್ನು ಮುಂಚಿತವಾಗಿ ಹೇಳಿಬಿಡುತ್ತೇನೆ. ಬದನೆಕಾಯಿಯ ತಿರುಳಿನ ತುಂಬ ಗಾಳಿಯ ಸಣ್ಣ ಗೂಡುಗಳಿವೆ. ಮೊದಲ ನಾಲ್ಕೈದು ನಿಮಿಷದಲ್ಲಿ ಅದು ಪಾತ್ರೆಯ ಎಣ್ಣೆಯನ್ನೆಲ್ಲ ಹೀರಿಕೊಳ್ಳುತ್ತದೆ, ತಳ ಒಣಗಿದಂತೆ ಕಾಣುತ್ತದೆ. ನೀರು ಸುರಿಯಬೇಕೆಂದೋ ಇನ್ನಷ್ಟು ಎಣ್ಣೆ ಹಾಕಬೇಕೆಂದೋ ಕೈ ತುಡಿಯುವುದು ಆಗಲೇ. ಎರಡನ್ನೂ ಮಾಡದೆ ಉರಿಯನ್ನು ಇನ್ನೂ ಸಣ್ಣದು ಮಾಡಿ. ತಿರುಳು ಬೆಂದು ಕುಸಿಯುತ್ತಿದ್ದಂತೆ ಆ ಗೂಡುಗಳು ಮುಚ್ಚಿಕೊಂಡು, ಹೀರಿದ ಎಣ್ಣೆಯಲ್ಲಿ ಬಹುಪಾಲು ಹೊರಬರುತ್ತದೆ. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು, ತೊಟ್ಟು ಹಿಡಿದು ಒಂದೊಂದೇ ಕಾಯಿಯನ್ನು ಮಗ್ಗುಲು ಬದಲಿಸಿ. ಸೌಟು ಹಾಕಿ ಕಲಕಬಾರದು. 15 ರಿಂದ 20 ನಿಮಿಷಕ್ಕೆ ಮೈಯ ಹೊಳಪು ಹೋಗಿ ಸುಕ್ಕುಗಟ್ಟುತ್ತದೆ. ಆಗ ಚಾಕುವಿನ ತುದಿಯನ್ನು ಹೊಟ್ಟೆಗಲ್ಲ, ತೊಟ್ಟಿನ ಟೋಪಿಯ ಪಕ್ಕದಲ್ಲಿ ಚುಚ್ಚಿ ನೋಡಿ. ತಡೆಯಿಲ್ಲದೆ ಇಳಿದರೆ ಕಾಯಿ ಬೆಂದಿದೆ. ಸ್ವಲ್ಪ ತಡೆದರೂ ಇನ್ನೈದು ನಿಮಿಷ ಮುಚ್ಚಿಡಿ.

ಹುಣಸೆಯನ್ನು ಇಷ್ಟು ತಡವಾಗಿ ಹಾಕಬೇಕು ಎನ್ನುವುದಕ್ಕೂ ಕಾರಣವಿದೆ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಹುಳಿಯಲ್ಲಿ ಬೇಗ ಕರಗುವುದಿಲ್ಲ. ಬೇಳೆ ಬೇಯುವ ಮೊದಲೇ ಹುಳಿ ಹಾಕಬಾರದು ಎಂದು ಹಿರಿಯರು ಹೇಳುವುದು ಇದೇ ಅನುಭವದಿಂದ. ನೀವು ಆರಂಭದಲ್ಲೇ ಹುಣಸೆರಸ ಹಾಕಿದಾಗ ಕಾಯಿಯ ದಪ್ಪ ಭಾಗ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ; ಅದು ಬೇಯಲಿ ಎಂದು ಕುದಿಸುತ್ತ ಹೋದ ಹಾಗೆ ಕುದಿಯುವ ನೀರಿನ ಹೊಡೆತಕ್ಕೆ ಸೀಳು ತೆರೆದು ಮಸಾಲೆ ತೊಳೆದುಹೋಗುತ್ತದೆ. ಕುಕ್ಕರಿನಲ್ಲಿ ಮಾಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಹದ ನೋಡಿ ನಿಲ್ಲಿಸುವ ಅವಕಾಶ ಅಲ್ಲಿಲ್ಲ.

ಕಾಯಿ ಬೆಂದ ಮೇಲೆ, ಎತ್ತಿಟ್ಟ ಮಸಾಲೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಕಲಸಿ, ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ ಮತ್ತು ಅಷ್ಟೇ ಗಾತ್ರದ ಬೆಲ್ಲ ಸೇರಿಸಿ, ಪಾತ್ರೆಯ ಅಂಚಿನಿಂದ ಸುರಿಯಿರಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ತೆರೆದೇ ಇಟ್ಟರೆ ರಸ ಮಂದವಾಗಿ, ಸುತ್ತಲಿನ ಅಂಚಿನಲ್ಲಿ ಕೆಂಪು ಎಣ್ಣೆ ತೇಲಿ ನಿಲ್ಲುತ್ತದೆ. ಅಲ್ಲಿಗೆ ಒಲೆ ಆರಿಸಿ ಅರ್ಧ ಗಂಟೆ ಮುಚ್ಚಿಡಿ. ಉಪ್ಪು, ಹುಳಿ, ಖಾರ ತಿರುಳಿನ ಒಳಕ್ಕೆ ಇಳಿಯುವುದು ಈ ಅರ್ಧ ಗಂಟೆಯಲ್ಲಿ.

ಬಳ್ಳಾರಿಯದಕ್ಕೂ ರಾಯಚೂರು, ಕೊಪ್ಪಳದ್ದಕ್ಕೂ ವ್ಯತ್ಯಾಸವಿದೆಯೇ ಎಂದೂ ಕೇಳಿದ್ದೀರಿ. ಮನೆಯಿಂದ ಮನೆಗೇ ವ್ಯತ್ಯಾಸವಿದೆ, ಆದರೂ ಸ್ಥೂಲವಾಗಿ ಹೇಳಬಹುದು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು; ಅಲ್ಲಿ ತೆಲುಗು ಮನೆಗಳ ಗುತ್ತಿ ವಂಕಾಯ ಮತ್ತು ನಮ್ಮ ಎಣ್ಣೆಗಾಯಿ ಅಕ್ಕಪಕ್ಕದ ಒಲೆಗಳಲ್ಲಿ ಬೇಯುತ್ತವೆ, ಖಾರ ಒಂದು ಕೈ ಮುಂದಿರುತ್ತದೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನೊಂದಿಗೆ ಇದ್ದವು. ರಾಯಚೂರಿನ ಮನೆಗಳಲ್ಲಿ ಎಳ್ಳು, ಕೊಬ್ಬರಿ, ಹುಣಸೆ ಹೆಚ್ಚಾಗಿರುವ ಬಘಾರೆ ಬೈಂಗನ್ ಕೂಡ ಪರಿಚಿತ. ಅದರಲ್ಲಿ ಕಾಯಿಯನ್ನು ಮೊದಲೇ ಎಣ್ಣೆಯಲ್ಲಿ ಹುರಿದು ಆಮೇಲೆ ರಸಕ್ಕೆ ಬಿಡುತ್ತಾರೆ, ಅಂದರೆ ಅಲ್ಲಿಯೂ ಹುಳಿ ಕೊನೆಗೇ ಬರುತ್ತದೆ. ಗುರೆಳ್ಳು ಧಾರಾಳವಾಗಿರುವ, ರಸ ಕಡಿಮೆಯಿರುವ ರೀತಿ ನಮ್ಮ ಮನೆಯದು, ನಾನು ಅದನ್ನೇ ಮೇಲೆ ಕೊಟ್ಟಿದ್ದೇನೆ.

ರಸವೇ ಬೇಡವೆಂದರೆ ನೀರಿನ ಹಂತವನ್ನು ಬಿಟ್ಟುಬಿಡಿ. ಬೆಂದ ಕಾಯಿಯ ಮೇಲೆ ಉಳಿದ ಮಸಾಲೆಯನ್ನು ಉದುರಿಸಿ, ಎರಡು ಚಮಚ ಗಟ್ಟಿ ಹುಣಸೆರಸವನ್ನಷ್ಟೇ ಹಾಕಿ ಹೊರಳಾಡಿಸಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗುವಾಗ ಸಜ್ಜೆ ರೊಟ್ಟಿಯ ಜೊತೆ ನಾವು ಕಟ್ಟಿಕೊಂಡು ಹೋಗುವುದು ಇಂಥದ್ದನ್ನೇ. ರಸವಿರುವ ಎಣ್ಣೆಗಾಯಿ ಬೇಸಿಗೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಹೊರಗಿರುವುದು ಒಳ್ಳೆಯದಲ್ಲ, ಉಳಿದರೆ ಫ್ರಿಜ್ಜಿನಲ್ಲಿಡಿ. ಮರುದಿನ ಬಿಸಿ ಮಾಡುವಾಗ ಗುರೆಳ್ಳಿನಿಂದಾಗಿ ರಸ ಗಟ್ಟಿಯಾಗಿರುತ್ತದೆ. ತಣ್ಣೀರು ಹಾಕದೆ ಎರಡು ಮೂರು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಇಟ್ಟರೆ ಕಾಯಿ ಆಗಲೂ ಇಡಿಯಾಗಿಯೇ ಉಳಿಯುತ್ತದೆ.